ನೀಲಿ ಸೀಮೆಎಣ್ಣೆ ಕಲಿಸಿದ್ದು

ಕಡೂರು, ತರೀಕೆರೆ, ಅಜ್ಜಂಪುರ ಕಡೆ ಯಾವ ಅಜ್ಜಿನ ಕೇಳಿದ್ರೂ ಕ್ಯಾನ್ ಹಿಡ್ಕೊಂಡು ಸೀಮೆಎಣ್ಣೆಗೆ ಕ್ಯೂ ನಿಂತ ಕಥೆ ಹೇಳ್ತಾರೆ. ಕಾರ್ಡಿಗೆ ಇಷ್ಟೇ ಲೀಟರ್, ದರ ಸರ್ಕಾರದ್ದು. ಕಳ್ಳಸಂತೆಗೆ ಹೋದ್ರೆ ಗೊತ್ತಾಗ್ಲಿ ಅಂತ ನೀಲಿ ಬಣ್ಣ ಬೇರೆ. ಆದ್ರೂ ಅದು ಡೀಸೆಲ್ ಜೊತೆ ಬೆರೆತು ಲಾರಿ ಟ್ಯಾಂಕ್ ಸೇರ್ತಿತ್ತು. ಎರಡರ ಬೆಲೆಗೂ ಅಷ್ಟು ಅಂತರ!

ಹಾಗಂತ ‘ಎಲ್ಲಾ ಮಾರ್ಕೆಟ್‌ಗೆ ಬಿಡಿ’ ಅನ್ನೋ ಹಾಸ್ಟೆಲ್ ವಾದ ನಾನು ಒಪ್ಪಲ್ಲ. 2010ರಲ್ಲಿ ಪೆಟ್ರೋಲ್, 2014ರಲ್ಲಿ ಡೀಸೆಲ್ ದರ ನಿಯಂತ್ರಣ ಹೋಯ್ತು. ಎಣ್ಣೆ ಸಿಗುವಾಗ ಅದು ಸರಿ. ಕೊರತೆಯಲ್ಲಿ ದುಡ್ಡಿದ್ದವರ ಕಾರು ಮೊದಲು ತುಂಬುತ್ತೆ, ಈರುಳ್ಳಿ ಹೊಲದ ಟ್ರ್ಯಾಕ್ಟರ್ ಕಾಯುತ್ತೆ. ಆಗ ಹಂಚಿಕೆ ಬೇಕೇ ಬೇಕು. ಆದ್ರೆ ದರ ಎಲ್ಲರಿಗೂ ಒಂದೇ ಇರಲಿ, ಸಬ್ಸಿಡಿ ನೇರ ಅಕೌಂಟಿಗೆ ಬರಲಿ. ಅಡುಗೆ ಗ್ಯಾಸ್‌ಗೆ 2015ರಲ್ಲಿ ದೇಶವೆಲ್ಲಾ ಹಾಗೇ ಮಾಡಿದ್ರಲ್ವಾ? ಬೆಲೆ ಒಂದೇ ಆದ್ರೆ ಕದಿಯೋಕೆ ಲಾಭವೇ ಇರಲ್ಲ.