ಸಂಘದ ಲೋಗೋ, ಕಾರ್ಯದರ್ಶಿ ಮನೆಯ ಕಂಪ್ಯೂಟರ್

ಕುಂಬಳೆಯಿಂದ ಬದಿಯಡ್ಕಕ್ಕೆ, ಅಲ್ಲಿಂದ ಮುಳ್ಳೇರಿಯಕ್ಕೆ ಹೋಗುವಾಗ ದಾರಿಬದಿಯ ಫ್ಲೆಕ್ಸುಗಳನ್ನು ಒಮ್ಮೆ ನಿಧಾನಕ್ಕೆ ಓದುತ್ತಾ ಹೋಗಿ. ಯುವಕ ಮಂಡಲ, ಭಜನಾ ಮಂದಿರ, ಯಕ್ಷಗಾನ ಸಂಘ, ಗ್ರಂಥಾಲಯ, ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್. ಮಲಯಾಳದ ಸಾಲು ಸರಿಯಾಗಿ ಕೂತಿರ್ತದೆ. ಕನ್ನಡದ ಸಾಲಿನಲ್ಲಿ ಎಲ್ಲೋ ಒಂದು ಕಡೆ ಒತ್ತಕ್ಷರ ಮುರಿದಿರ್ತದೆ. ‘ಯಕ್ಷಗಾನ’ ಹೋಗಿ ‘ಯಕ್‌ಷಗಾನ’, ‘ಮಿತ್ರ ಮಂಡಳಿ’ ಹೋಗಿ ‘ಮಿತ್‌ರ ಮಂಡಳಿ’. ಹೆಸರು ಉಳಿಸಿಕೊಳ್ಳಲಿಕ್ಕೆಂದೇ ಕಟ್ಟಿದ ಸಂಘ, ಆದರೆ ಅದರದೇ ಹೆಸರು ರಸ್ತೆಬದಿಯಲ್ಲಿ ಮುರಿದು ನೇತಾಡ್ತಾ ಉಂಟು.

ಪ್ರಿಂಟಿಂಗ್ ಅಂಗಡಿಯವರಿಗೆ ಬೈದು ಪ್ರಯೋಜನ ಇಲ್ಲ. ಅಲ್ಲಿ ಕೂತ ಹುಡುಗನಿಗೆ ಕನ್ನಡ ಓದಲಿಕ್ಕೆ ಬರದೇ ಇರಬಹುದು. ನಾವು ವಾಟ್ಸಾಪಿನಲ್ಲಿ ಕಳಿಸಿದ ಸಾಲನ್ನು ಅವನು ಹಳೆಯ ಫೋಟೋಶಾಪಿಗೆ ಅಂಟಿಸ್ತಾನೆ. ಆ ತಂತ್ರಾಂಶಕ್ಕೆ ಭಾರತೀಯ ಲಿಪಿಗಳ ಒತ್ತು ಜೋಡಿಸುವ ವ್ಯವಸ್ಥೆ ಇಲ್ಲದಿದ್ದರೆ, ಅಥವಾ ಇದ್ದೂ ಆನ್ ಮಾಡದಿದ್ದರೆ, ಅಕ್ಷರ ಒಡೆಯುತ್ತದೆ. ಅವನ ಕಣ್ಣಿಗೆ ಎರಡೂ ಒಂದೇ. ಹಾಗಾಗಿ ಅಕ್ಷರವನ್ನು ಒಡೆಯದ ಹಾಗೆ ಮಾಡಿ ಕೊಡುವುದು ನಮ್ಮ ಕೆಲಸ. ಸಂಘದ ಹೆಸರನ್ನು ಇಂಕ್‌ಸ್ಕೇಪಿನಲ್ಲಿ ಬರೆದು, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟರೆ ಅದು ಅಕ್ಷರವಾಗಿ ಉಳಿಯುವುದಿಲ್ಲ, ಗೆರೆಯ ಚಿತ್ರವಾಗ್ತದೆ. ಆಮೇಲೆ ಯಾವ ಅಂಗಡಿಯಲ್ಲಿ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒತ್ತು ಬೀಳುವುದಿಲ್ಲ. ಒಮ್ಮೆ ಮಾಡಿಟ್ಟರೆ ವರ್ಷಗಟ್ಟಲೆ ಸಾಕು. ಒಂದು ಮಾತ್ರ ನೆನಪಿಡಿ: ಹಾಗೆ ಮಾಡಿದ ಮೇಲೆ ಕಾಗುಣಿತ ತಿದ್ದಲಿಕ್ಕೆ ಆಗುವುದಿಲ್ಲ, ತಿದ್ದಬಹುದಾದ ಪ್ರತಿಯನ್ನೂ ಬೇರೆ ಇಟ್ಟುಕೊಳ್ಳಿ.

ಇಂಕ್‌ಸ್ಕೇಪ್ ಅಂದ್ರೆ ಎಂತದು ಅಂತ ಕೇಳಬೇಡಿ. ಕೇರಳದ ಶಾಲೆಯಲ್ಲಿ ಕಲಿತ ನಮ್ಮ ಹುಡುಗ ಹುಡುಗಿಯರು ಐಸಿಟಿ ಪೀರಿಯಡಿನಲ್ಲಿ ಅದನ್ನು ಮುಟ್ಟಿಯೇ ಇರ್ತಾರೆ. ಐಟಿ ಅಟ್ ಸ್ಕೂಲ್ ಯೋಜನೆಯೂ, 2017ರಲ್ಲಿ ಅದೇ ‘ಕೈಟ್’ ಆದ ಮೇಲೆಯೂ, ಶಾಲೆಗಳಿಗೆ ಕೊಟ್ಟದ್ದು ಸ್ವತಂತ್ರ ತಂತ್ರಾಂಶವನ್ನೇ. ಪರೀಕ್ಷೆ ಮುಗಿದ ಮೇಲೆ ನಾವು ಅದನ್ನು ಮರೆತು, ಕ್ರ್ಯಾಕ್ ಮಾಡಿದ ಫೋಟೋಶಾಪ್ ಹುಡುಕಿಕೊಂಡು ಹೋಗ್ತೇವೆ. ಅದರ ಜೊತೆಗೆ ವೈರಸ್ಸೂ ಮನೆಗೆ ಬರ್ತದೆ.

ಇನ್ನು ಲೋಗೋ. ನಮ್ಮ ಸಂಘಗಳ ಲೋಗೋ ಹೇಗಿರ್ತದೆ ಅಂತ ನಿಮಗೇ ಗೊತ್ತು. ಒಂದು ವೃತ್ತ. ಒಳಗೆ ಕರ್ನಾಟಕದ ನಕ್ಷೆ, ಅದರ ಮೇಲೆ ತಾಯಿ ಭುವನೇಶ್ವರಿ, ಒಂದು ಬದಿಗೆ ಯಕ್ಷಗಾನದ ಕಿರೀಟ, ಇನ್ನೊಂದು ಬದಿಗೆ ಬೇಕಲ ಕೋಟೆ, ಕೆಳಗೆ ದೀಪ, ಸುತ್ತ ಹೆಸರು, ಸ್ಥಾಪನೆಯ ವರ್ಷ, ರಿಜಿಸ್ಟರ್ ನಂಬರ್. ಸಮಿತಿಯ ಒಬ್ಬೊಬ್ಬ ಸದಸ್ಯನದ್ದೂ ಒಂದೊಂದು ಆಸೆ, ಯಾರ ಮನಸ್ಸನ್ನೂ ನೋಯಿಸಬಾರದು ಅಂತ ಎಲ್ಲವನ್ನೂ ತುಂಬಿಸಿದ್ದು. ಅದೇ ಲೋಗೋವನ್ನು ವಾಟ್ಸಾಪ್ ಗ್ರೂಪಿನ ಡಿಪಿ ಮಾಡಿ ನೋಡಿ. ಬೆರಳಿನ ಉಗುರಿನಷ್ಟು ಜಾಗದಲ್ಲಿ ಒಂದು ಕೆಂಪು ಹಳದಿ ಕಲೆ ಕಾಣ್ತದೆ, ಅಷ್ಟೆ. ರಬ್ಬರ್ ಸ್ಟ್ಯಾಂಪ್ ಮಾಡಿಸಿದರೆ ಶಾಯಿಯ ಮುದ್ದೆ.

ಒಂದನ್ನು ಆರಿಸಿ, ಉಳಿದದ್ದನ್ನು ಬಿಡಿ. ಮೊದಲು ಕಪ್ಪು ಬಿಳುಪಿನಲ್ಲಿ ಬರೆಯಿರಿ, ಅದು ಚೆನ್ನಾಗಿ ಕಂಡರೆ ಬಣ್ಣ ಆಮೇಲೆ. ಸ್ಟ್ಯಾಂಪಿಗೂ, ರಶೀದಿ ಪುಸ್ತಕಕ್ಕೂ, ಜೆರಾಕ್ಸ್ ಪ್ರತಿಗೂ ಬಣ್ಣ ಇಲ್ಲವಲ್ಲ. ಹಳದಿ ಅಕ್ಷರವನ್ನು ಬಿಳಿ ಹಿನ್ನೆಲೆಯ ಮೇಲೆ ಹಾಕಬೇಡಿ, ಓದಲಿಕ್ಕೆ ಆಗುವುದಿಲ್ಲ. ರಿಜಿಸ್ಟರ್ ನಂಬರಿನ ಜಾಗ ಲೆಟರ್‌ಹೆಡ್ಡು.

ವೃತ್ತದ ಸುತ್ತ ಹೆಸರು ಬರೆಯುವ ಚಾಳಿ ಇಂಗ್ಲಿಷಿನಿಂದ ಬಂದದ್ದು. ಆ ಲಿಪಿಗೆ ಅದು ಹೊಂದುತ್ತದೆ, ಯಾಕೆಂದರೆ ಅಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು. ನಮ್ಮಲ್ಲಿ ಒತ್ತು ಕೆಳಗೆ, ಗುಡಿಸು ಮೇಲೆ, ದೀರ್ಘ ಬದಿಗೆ. ‘ಸಾಂಸ್ಕೃತಿಕ’ ಅಂತ ಒಂದು ಪದ ಬರೆದು ನೋಡಿ, ಸ ಅಕ್ಷರದ ಕೆಳಗೆ ಕ ಒತ್ತು, ಅದರ ಜೊತೆಗೆ ಋ ಸುಳಿ. ಅದನ್ನು ಬಗ್ಗಿಸಿ ವೃತ್ತದೊಳಗೆ ಹಾಕಿದರೆ ಒತ್ತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ನೇರ ಸಾಲಿನಲ್ಲಿ ಬರೆಯಿರಿ, ಕೆಳಗೆ ಒತ್ತಿಗೆ ಜಾಗ ಬಿಡಿ.

ಅಕ್ಷರವಿನ್ಯಾಸಕ್ಕೆ ಈಗ ಬರಗಾಲ ಇಲ್ಲ. ಅನೇಕ್ ಕನ್ನಡ, ಬಾಲೂ ತಮ್ಮ, ನೋಟೋ ಸಾನ್ಸ್, ತಿರೋ ಕನ್ನಡ, ಅಕಾಯ ಕನಡಕ, ಇವೆಲ್ಲ ಮುಕ್ತ ಪರವಾನಗಿಯಲ್ಲಿ ಸಿಗ್ತವೆ, ಹಣ ಕೊಡಬೇಕಾಗಿಲ್ಲ, ಕದಿಯಬೇಕಾಗಿಯೂ ಇಲ್ಲ. ಅದಕ್ಕಿಂತ ಚಂದದ್ದು ಬೇಕಾದರೆ ಊರಿನಲ್ಲಿ ಹಿಂದೆ ಗೋಡೆಬರಹ, ಬೋರ್ಡು ಬರೆಯುತ್ತಿದ್ದವರು ಯಾರಾದರೂ ಇದ್ದೇ ಇರ್ತಾರೆ. ಅವರ ಹತ್ರ ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಸಂಘದ ಹೆಸರು ಬರೆಸಿ, ಸ್ಕ್ಯಾನ್ ಮಾಡಿ ಇಂಕ್‌ಸ್ಕೇಪಿನ ‘ಟ್ರೇಸ್ ಬಿಟ್‌ಮ್ಯಾಪ್’ಗೆ ಕೊಡಿ. ಅಂಥ ಅಕ್ಷರ ಬೇರೆ ಯಾವ ಸಂಘದ್ದೂ ಆಗಿರುವುದಿಲ್ಲ. ಎಐ ಕೈಯಲ್ಲಿ ಲೋಗೋ ಮಾಡಿಸುವವರಿಗೆ ಒಂದು ಮಾತು: ಅದು ಬರೆದುಕೊಡುವ ಕನ್ನಡ ಎಷ್ಟೋ ಸಲ ಕನ್ನಡದ ಹಾಗೆ ಕಾಣ್ತದೆ, ಓದಲಿಕ್ಕೆ ಹೋದರೆ ಯಾವ ಅಕ್ಷರವೂ ಅಲ್ಲ. ಚಿತ್ರಕ್ಕೆ ಬಳಸಿ, ಹೆಸರನ್ನು ನೀವೇ ಬರೆಯಿರಿ.

ಚಿತ್ರದಲ್ಲೂ ಸ್ವಲ್ಪ ನೋಡಿಕೊಳ್ಳಿ. ಇದು ಪಾರ್ತಿಸುಬ್ಬನ ಕುಂಬಳೆ ಸೀಮೆ, ತೆಂಕುತಿಟ್ಟಿನ ನೆಲ. ಅಂತರ್ಜಾಲದಲ್ಲಿ ಸಿಕ್ಕಿದ ಬಡಗಿನ ಮುಂಡಾಸಿನ ಚಿತ್ರವನ್ನು ತಂದು ನಮ್ಮ ಯಕ್ಷಗಾನ ಸಂಘದ ಲೋಗೋ ಮಾಡಿದರೆ ಹಿರಿಯ ಕಲಾವಿದರು ನೋಡಿ ನಗ್ತಾರೆ. ಬಡಗು ಕಮ್ಮಿ ಅಂತ ಅಲ್ಲ, ಅದು ನಮ್ಮ ವೇಷ ಅಲ್ಲ. ಅಶೋಕ ಸ್ತಂಭವಾಗಲಿ, ಕರ್ನಾಟಕ ಸರ್ಕಾರದ ಅಧಿಕೃತ ಲಾಂಛನವಾಗಲಿ ಲೋಗೋದಲ್ಲಿ ಬೇಡವೇ ಬೇಡ. 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಅದಕ್ಕೆ ಅಡ್ಡ ಬರ್ತದೆ. ನಮ್ಮ ಮೇಲೆ ಬೆರಳು ತೋರಿಸಲಿಕ್ಕೆ ಕಾಯುವವರಿಗೆ ನಾವೇ ಕಾರಣ ಕೊಡುವುದು ಎಂತಕ್ಕೆ?

ಇಷ್ಟೆಲ್ಲ ಕಾಣುವ ಸಂಗತಿ ಆಯಿತು. ಇದಕ್ಕಿಂತ ದೊಡ್ಡ ನಷ್ಟ ಕಾಣದ ಕಡೆ ಆಗ್ತಾ ಉಂಟು. ಸಂಘದ ಕಂಪ್ಯೂಟರ್ ಅಂದ್ರೆ ಹೆಚ್ಚಾಗಿ ಕಾರ್ಯದರ್ಶಿಯ ಮನೆಯ ಕಂಪ್ಯೂಟರ್. ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು ಅಂತ ಕೊಟ್ಟ ಮನವಿ, ಪಂಚಾಯತಿಗೆ ಬರೆದ ದೂರು, ಅದಕ್ಕೆ ಬಂದ ಉತ್ತರದ ಸ್ಕ್ಯಾನ್, ಸದಸ್ಯರ ಪಟ್ಟಿ, ಬೆಳ್ಳಿಹಬ್ಬದ ಫೋಟೋ, ಎಲ್ಲ ಅದರೊಳಗೆ. ಅದೂ ಒಂದೇ ಹಾರ್ಡ್‌ಡಿಸ್ಕಿನಲ್ಲಿ.

ಆ ಕಡತಗಳಲ್ಲಿ ಹಳೆಯವು ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟುಗಳಲ್ಲಿರ್ತವೆ. ಅವುಗಳಲ್ಲಿ ಕಂಪ್ಯೂಟರಿನ ಮಟ್ಟಿಗೆ ಇರುವುದು ಇಂಗ್ಲಿಷ್ ಚಿಹ್ನೆಗಳೇ, ಫಾಂಟು ಮಾತ್ರ ಕನ್ನಡದ ವೇಷ ಹಾಕಿರ್ತದೆ. ಆ ಫಾಂಟು ಇಲ್ಲದ ಕಚೇರಿಯಲ್ಲಿ ತೆರೆದರೆ ಕಸ. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕು ನಮಗುಂಟು. ಆದರೆ ಹಕ್ಕಿನಿಂದ ಕಳಿಸಿದ ಮೇಲ್ ಅಲ್ಲಿ ಕಸವಾಗಿ ತೆರೆದರೆ, ‘ಓದಲಿಕ್ಕೆ ಆಗುವುದಿಲ್ಲ’ ಅನ್ನುವ ಉತ್ತರಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಯುನಿಕೋಡಿನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ ಕಳಿಸಿ. ಕೀಲಿಮಣೆ ಹೊಸತಾಗಿ ಕಲಿಯಬೇಕಾಗಿಲ್ಲ. ಮಂಗಳೂರು ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ರೂಪಿಸಿದ ವಿನ್ಯಾಸವೇ ನುಡಿಯಲ್ಲಿರುವುದು, ಯುನಿಕೋಡಿನಲ್ಲೂ ಅದೇ ಬೆರಳು ಓಡ್ತದೆ. ಹಳೆಯ ಕಡತಗಳನ್ನು ಬದಲಾಯಿಸಲಿಕ್ಕೆ ನುಡಿ, ಬರಹಗಳ ಜೊತೆಗೇ ಪರಿವರ್ತಕ ಬರ್ತದೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಇನ್ನು ಯಂತ್ರದ ಆರೈಕೆ. ನಮ್ಮ ಕಡೆ ಕಂಪ್ಯೂಟರಿಗೆ ದೊಡ್ಡ ಶತ್ರು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರ್, ನವೆಂಬರಿನ ತುಲಾ ಮಳೆಯ ಮಧ್ಯಾಹ್ನ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಅದಕ್ಕಿಂತ ಹೆಚ್ಚಾಗಿ ಮರೆಯುವುದು ಇಂಟರ್‌ನೆಟ್ಟಿನ ತಾಮ್ರದ ತಂತಿ. ಪ್ಲಗ್ ಕಿತ್ತರೂ ಆ ತಂತಿಯಲ್ಲಿ ಬಂದ ಸಿಡಿಲು ಮೋಡೆಮ್ ಸುಟ್ಟು ಕಂಪ್ಯೂಟರಿನೊಳಗೂ ಹೋಗ್ತದೆ. ಯುಪಿಎಸ್ ಇದ್ದ ಮಾತ್ರಕ್ಕೆ ಸಿಡಿಲಿನಿಂದ ರಕ್ಷಣೆ ಇಲ್ಲ. ಗುಡುಗು ಕೇಳುವ ಮೊದಲೇ ಕೀಳಿ, ಗುಡುಗುವಾಗ ತಂತಿ ಮುಟ್ಟಲಿಕ್ಕೆ ಹೋಗಬೇಡಿ. ಮನೆಯ ಅರ್ಥಿಂಗ್ ಸರಿ ಉಂಟಾ ಅಂತ ಬೇಸಿಗೆಯಲ್ಲೇ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ.

ಎರಡನೆಯದು ಥಂಡಿ. ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರಿದು. ಯಾರೂ ಮುಟ್ಟದೆ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಕಂಪ್ಯೂಟರೇ ಮೊದಲು ಕೆಡುವುದು. ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಅರ್ಧ ಗಂಟೆ ಚಾಲೂ ಮಾಡಿಡಿ, ಒಳಗಿನ ಶಾಖಕ್ಕೆ ತೇವ ಆರ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡ, ನೆಲಕ್ಕೆ ಇಡಬೇಡಿ, ಗೋಡೆಗೆ ಒತ್ತಿಸಬೇಡಿ. ವರ್ಷಕ್ಕೆ ಎರಡು ಸಲ ಪ್ಲಗ್ ಕಿತ್ತು, ಬದಿ ಬಿಚ್ಚಿ, ಒಣಗಿದ ಪೈಂಟಿಂಗ್ ಬ್ರಷ್ಷಿನಲ್ಲಿ ಫ್ಯಾನಿನ ಧೂಳು ತೆಗೆದರೆ ‘ಬಿಸಿಯಾಗಿ ಆಫ್ ಆಗ್ತದೆ’ ಅನ್ನುವ ದೂರು ಬಹುಪಾಲು ನಿಲ್ಲುತ್ತದೆ. ಒಳಗೆ ಇರುವೆ ಗೂಡು, ಹಲ್ಲಿ ಮೊಟ್ಟೆ ಸಿಕ್ಕರೆ ಆಶ್ಚರ್ಯ ಪಡಬೇಡಿ.

ನಿಧಾನ ಆಯಿತು ಅಂತ ಹಳೆಯದನ್ನು ಗುಜರಿಗೆ ಹಾಕಬೇಡಿ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರ ಇನ್ನೂ ನಾಲ್ಕು ವರ್ಷ ದುಡೀತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೆಯ ಯಂತ್ರಗಳು ಎಷ್ಟೋ 11ಕ್ಕೆ ಏರುವುದಿಲ್ಲ. ಶಾಲೆಯಲ್ಲಿ ಕಲಿತ ಉಬುಂಟು ಹಾಕಿ. ಪತ್ರ ಬರೆಯಲಿಕ್ಕೆ ಲಿಬ್ರೆ ಆಫೀಸ್, ಲೋಗೋಕ್ಕೆ ಇಂಕ್‌ಸ್ಕೇಪ್, ಕನ್ನಡಕ್ಕೆ ಕಗಪ ಕೀಲಿಮಣೆ, ಎಲ್ಲ ಅದರಲ್ಲಿ ಉಚಿತ. ಪ್ರಿಂಟಿಂಗ್ ಅಂಗಡಿಯಿಂದ ಬಂದ ಪೆನ್‌ಡ್ರೈವಿನ ವೈರಸ್ ಕಾಟವೂ ತುಂಬಾ ಕಮ್ಮಿ.

ಎಷ್ಟು ಆರೈಕೆ ಮಾಡಿದರೂ ಡಿಸ್ಕ್ ಒಂದಲ್ಲ ಒಂದು ದಿನ ಹೋಗ್ತದೆ. ಕಡತಗಳ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಸಂಘದ ಹೆಸರಿನ ಗೂಗಲ್ ಡ್ರೈವಿನಲ್ಲಿ ಇರಲಿ. ಹೊರಗಿನ ಡಿಸ್ಕನ್ನು ಅದೇ ಮನೆಯಲ್ಲಿ ಇಡಬೇಡಿ, ಅಧ್ಯಕ್ಷರ ಮನೆಯಲ್ಲಿ ಇಡಿ. ವಾಟ್ಸಾಪಿನಲ್ಲಿ ಉಂಟಲ್ಲ ಅನ್ನಬೇಡಿ, ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸ್ತದೆ. ಲೋಗೋ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಕೊನೆಗೆ ಪಾಸ್‌ವರ್ಡು. ಲೋಗೋ ಮಾಡಿದವನು ದುಬೈಯಲ್ಲಿ, ಫೇಸ್‌ಬುಕ್ ಪೇಜಿನ ಅಡ್ಮಿನ್ ಬೆಂಗಳೂರಿನಲ್ಲಿ, ಮೇಲ್ ತೆರೆಯಲಿಕ್ಕೆ ಒಟಿಪಿ ಬರುವುದು ಯಾರೋ ಹಿಂದಿನ ಕಾರ್ಯದರ್ಶಿಯ ಹಳೆಯ ನಂಬರಿಗೆ. ಇಂಥ ಸಂಘಗಳು ನಮ್ಮಲ್ಲಿ ಒಂದೆರಡಲ್ಲ. ಪೇಜಿಗೆ ಯಾವಾಗಲೂ ಇಬ್ಬರು ಅಡ್ಮಿನ್ ಇರಲಿ, ಒಬ್ಬರಾದರೂ ಊರಲ್ಲಿರುವವರು. ಮುಂದಿನ ಮಹಾಸಭೆಯಲ್ಲಿ ಹೊಸ ಸಮಿತಿಗೆ ನಿರ್ಣಯ ಪುಸ್ತಕ, ರಶೀದಿ ಪುಸ್ತಕ, ಕಪಾಟಿನ ಬೀಗದ ಕೈ ಕೊಡುವಾಗ ಜೊತೆಗೆ ಒಂದು ಲಕೋಟೆ, ಒಂದು ಡಿಸ್ಕ್ ಕೂಡ ಕೊಡಿ. ಲಕೋಟೆಯಲ್ಲಿ ಪಾಸ್‌ವರ್ಡುಗಳು, ಡಿಸ್ಕಿನಲ್ಲಿ ಕಡತಗಳು ಮತ್ತು ಲೋಗೋದ ಮೂಲ ಪ್ರತಿ. ಕೊಟ್ಟದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆಸಿ, ಇಬ್ಬರ ಸಹಿ ಹಾಕಿಸಿ.