ಪ್ರವಾಸದಲ್ಲಿ ವ್ರತಕ್ಕೆ ರಜೆಯುಂಟೆ?

ಚಳ್ಳಕೆರೆ, ಮೊಳಕಾಲ್ಮೂರು ಭಾಗದ ವ್ಯಾಪಾರಸ್ಥ ಶ್ರಾವಕರಿಗೆ ವಿದೇಶ ಪ್ರವಾಸವು ಈಗ ಅಪರೂಪದ ಸಂಗತಿಯಲ್ಲ. ಹೊರಡುವ ಮುನ್ನ ಕಂದಮೂಲವಿಲ್ಲದ ಆಹಾರ ದೊರೆಯುವುದೇ, ಸೂರ್ಯಾಸ್ತದೊಳಗೆ ಊಟವಾಗುವುದೇ ಎಂದು ಹತ್ತು ಬಾರಿ ವಿಚಾರಿಸುತ್ತಾರೆ. ಇದು ಶ್ಲಾಘನೀಯ. ಆದರೆ ಇಟಲಿಯ ಫ್ಲಾರೆನ್ಸಿನ ಅಂಗಡಿಯಲ್ಲಿ ಬಣ್ಣದ ಕಲ್ಲು ಕೂರಿಸಿದ ಫಲಕವನ್ನು ಕಂಡೊಡನೆ ಆ ಎಚ್ಚರವೆಲ್ಲ ಎಲ್ಲಿ ಮಾಯವಾಗುತ್ತದೆ?

ದೋಷ ಕಲೆಯದಲ್ಲ. ಫ್ಲಾರೆನ್ಸಿನಲ್ಲಿ 1588ರಲ್ಲಿ ಮೆದಿಚಿ ಮನೆತನದ ದೊರೆ ಸ್ಥಾಪಿಸಿದ ಕಾರ್ಯಾಗಾರದಿಂದ ಈ ವಿದ್ಯೆಗೆ ಕೀರ್ತಿ ಬಂದಿತು. ಆಗ್ರಾದ ತಾಜಮಹಲಿನಲ್ಲಿರುವ ಪಚ್ಚೀಕಾರಿಯೂ ಇದೇ ಬಗೆಯದು. ಅಮೃತಶಿಲೆಯನ್ನು ಎಸಳಿನ ಆಕಾರಕ್ಕೆ ತೋಡಿ, ಸಾಣೆಯಲ್ಲಿ ಸವೆಸಿದ ತೆಳುವಾದ ಚೂರುಗಳನ್ನು ಸಂದು ಕಾಣದಂತೆ ಕೂರಿಸಬೇಕು. ಅಂತಹ ಶ್ರಮ ಗೌರವಾರ್ಹವೇ ಸರಿ. ಆಕ್ಷೇಪವಿರುವುದು ಕೊಳ್ಳುವ ರೀತಿಯ ಬಗ್ಗೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಎರಡು ಇಂತಹ ಖರೀದಿಗೆ ನೇರವಾಗಿ ಅನ್ವಯಿಸುತ್ತವೆ. ಒಂದು ಪ್ರತಿರೂಪಕ ವ್ಯವಹಾರ, ಎಂದರೆ ಅಸಲಿನ ಹೆಸರಿನಲ್ಲಿ ನಕಲಿಯನ್ನು ಸಾಗಿಸುವುದು. ಬಳಪದ ಕಲ್ಲನ್ನು ಅಮೃತಶಿಲೆಯೆಂದೂ ಬಣ್ಣದ ಗಾಜನ್ನು ರತ್ನವೆಂದೂ ಮಾರುವವರು ಎಲ್ಲೆಡೆ ಇದ್ದಾರೆ. ಉಗುರಿನಿಂದ ಗೀರಿದರೆ ಬಳಪದ ಕಲ್ಲಿನ ಮೇಲೆ ಗೀಟು ಬೀಳುತ್ತದೆ, ಅಮೃತಶಿಲೆಯ ಮೇಲೆ ಬೀಳುವುದಿಲ್ಲ. ಅಗ್ಗವೆಂದು ತಿಳಿದೇ ಕೊಂಡು, ಊರಿಗೆ ಬಂದು ಬೀಗರ ಮುಂದೆ ಅಸಲೆಂದು ಹೇಳಿಕೊಳ್ಳುವವನು ಮಾರಿದವನಿಗಿಂತ ಮೇಲಲ್ಲ. ಶೇಂಗಾ ಎಣ್ಣೆಗೆ ಬೇರೆ ಎಣ್ಣೆ ಬೆರೆಸುವವನನ್ನು ಚಳ್ಳಕೆರೆಯ ಪೇಟೆಯಲ್ಲಿ ಏನೆಂದು ಕರೆಯುತ್ತಾರೆ?

ಇನ್ನೊಂದು ವಿರುದ್ಧರಾಜ್ಯಾತಿಕ್ರಮ, ರಾಜ್ಯದ ಕಟ್ಟಳೆಯನ್ನು ಮೀರುವುದು. ಕಸ್ಟಮ್ಸ್ ಸುಂಕ ತಪ್ಪಿಸಲು ಬಿಲ್ಲಿನಲ್ಲಿ ಅರ್ಧ ಬೆಲೆ ಬರೆಸಿಕೊಳ್ಳುವುದನ್ನು ಕೆಲವರು ಜಾಣತನವೆಂದು ಭಾವಿಸಿದ್ದಾರೆ. ತನ್ನ ಅಂಗಡಿಯ ತಕ್ಕಡಿಯಲ್ಲಿ ಗುಂಜಿ ತೂಕ ತಪ್ಪದವನು ವಿಮಾನ ನಿಲ್ದಾಣದಲ್ಲಿ ಸುಳ್ಳು ಹೇಳಿದರೆ ಅವನ ವ್ರತ ಉಳಿದೀತೇ?

ಹಿಂಸೆಯ ಪ್ರಶ್ನೆ ಇನ್ನೂ ಗಂಭೀರವಾದುದು. ಇಂತಹ ಅನೇಕ ವಸ್ತುಗಳಲ್ಲಿ ಕಲ್ಲಿನ ಜೊತೆಗೆ ಹೊಳೆಯುವ ಮುತ್ತಿನ ಚಿಪ್ಪೂ ಇರುತ್ತದೆ. ಅದು ದ್ವೀಂದ್ರಿಯ ಜೀವಿಯ ಕವಚ. ಕಲ್ಲು ಸವೆಸುವಾಗ ಏಳುವ ಧೂಳು ಕುಶಲಕರ್ಮಿಯ ಶ್ವಾಸಕೋಶವನ್ನು ಹಾಳುಮಾಡಬಲ್ಲದು. ಕೊಳ್ಳುವವರು ಬೆಲೆಗಾಗಿ ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ಈ ಎರಡನ್ನು ಕುರಿತು ಒಂದು ಮಾತನ್ನೂ ಕೇಳುವುದಿಲ್ಲ.

ಹಾಗಾದರೆ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಗತಿಯೇನು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 2011ರಲ್ಲಿ ದೊರೆತ ಭೌಗೋಳಿಕ ಸೂಚಕ ಮನ್ನಣೆ ಅಲ್ಲಿಯ ನೇಕಾರರ ಕೌಶಲಕ್ಕೆ ಸಂದ ಗೌರವ. ಆದರೆ ಗೂಡಿನೊಳಗಿನ ಹುಳುವನ್ನು ಶಾಖದಿಂದ ಕೊಂದು ತೆಗೆದ ನೂಲು, ನಮ್ಮೂರಿನದೆಂಬ ಮಾತ್ರಕ್ಕೆ ನಿರ್ದೋಷವಾಗದು. ದಿಗಂಬರ ಮುನಿಗಳ ಪಿಂಛಿಗೆ ನವಿಲು ತಾನಾಗಿ ಉದುರಿಸಿದ ಗರಿಯೇ ಆಗಬೇಕು. ಶ್ರಾವಕನ ಖರೀದಿಗೂ ಆ ವಿವೇಕವೇ ಮಾದರಿಯಾಗಲಿ. ಕುರಿಯ ಪ್ರಾಣ ತೆಗೆಯದೆ ಕತ್ತರಿಸಿದ ಉಣ್ಣೆಯಿಂದ ನೇಯ್ದ ಚಳ್ಳಕೆರೆಯ ಕಂಬಳಿಯನ್ನು ಉಡುಗೊರೆಯಾಗಿ ಕೊಡಲು ನಾಚಿಕೆಯೇಕೆ?

ಬಸದಿಯ ಟ್ರಸ್ಟುಗಳಿಗೂ ಒಂದು ಮಾತು. ದಾನಿಗಳ ಸನ್ಮಾನಕ್ಕೆಂದು ದುಬಾರಿ ಸ್ಮರಣಿಕೆಗಳನ್ನು ದೇವದ್ರವ್ಯದಿಂದ ಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಕೊಟ್ಟದ್ದಕ್ಕೆ ಪ್ರತಿಫಲವಾಗಿ ಫಲಕ ಬಯಸುವುದು ದಾನವಲ್ಲ. ಈ ಪದ್ಧತಿಯನ್ನು ಆಡಳಿತ ಮಂಡಳಿಗಳು ನಿರ್ಣಯ ಮಾಡಿ ನಿಲ್ಲಿಸಬೇಕು. ಪರಿಗ್ರಹ ಪರಿಮಾಣ ವ್ರತವನ್ನು ವೇದಿಕೆಯಲ್ಲಿ ಬೋಧಿಸಿ, ಅದೇ ವೇದಿಕೆಯಲ್ಲಿ ಪರಿಗ್ರಹವನ್ನು ಹಂಚುವುದು ತರವಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಿಲಾಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಇವನ್ನೇ ಆ ಬಂಡೆಗಳು ಬೋಧಿಸುತ್ತವೆ. ಫ್ಲಾರೆನ್ಸನ್ನು ಕಂಡು ಬಂದ ಮನೆಯ ಮಕ್ಕಳಲ್ಲಿ ಎಷ್ಟು ಮಂದಿ ಇವನ್ನು ಕಂಡಿದ್ದಾರೆ? ಮುಂದಿನ ರಜೆಯಲ್ಲಿ ಹಿರಿಯರು ಮೊದಲು ಅವರನ್ನು ಅಲ್ಲಿಗೆ ಕರೆದೊಯ್ಯಲಿ.