ಗಾರ್ಬೋ ಊರಿಗೆ ಎರಡು ಟಿಕೆಟ್!



ಈ ವಾರ ಗಾಂಧಿನಗರದ ಗುಸುಗುಸು ಇಲ್ಲ, ಯಾವ ನಟಿಯ ಮದುವೆ ಸುದ್ದಿಯೂ ಇಲ್ಲ. ಬೇಜಾರು ಮಾಡ್ಕೋಬೇಡಿ. ನಾನು ಸ್ವೀಡನ್‌ಗೆ ಹೊರಡೋ ಗಡಿಬಿಡಿಯಲ್ಲಿದ್ದೀನಿ!

ನಗಬೇಡಿ ಗುರುಗಳೇ. ಇದರ ಹಿಂದೆ ಒಂದು ಕಥೆ ಇದೆ. ನನಗೊಬ್ಬ ಗೆಳೆಯ. ಮೂವತ್ತು ವರ್ಷ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ಕಾರ್ಬನ್ ಕಡ್ಡಿ ಉರಿಸಿ, ರೀಲು ಸುತ್ತಿ, ನಮಗೆಲ್ಲ ಸಿನಿಮಾ ತೋರಿಸಿದವನು. ಈಗ ಅವನ ಕಣ್ಣಿಗೆ ಗ್ಲಾಕೋಮಾ. ಪಕ್ಕದ ನೋಟ ದಿನೇ ದಿನೇ ಕಿರಿದಾಗ್ತಿದೆ. "ನೋಡಬೇಕಾದ್ದನ್ನ ಬೇಗ ನೋಡ್ಬಿಡಿ" ಅಂದರಂತೆ ಡಾಕ್ಟರು. ಏನು ನೋಡ್ತೀಯೋ ಅಂತ ಕೇಳಿದೆ. "ಬಾಂಬೆ, ಮದ್ರಾಸು ಎಲ್ಲಾ ಆಯ್ತು. ಗ್ರೇಟಾ ಗಾರ್ಬೋ ಊರು ನೋಡ್ಬೇಕು ಕಣಯ್ಯಾ" ಅಂದ. ಅವನ ಎಲ್‌ಐಸಿ ದುಡ್ಡು, ನನ್ನ ಚೀಟಿ ದುಡ್ಡು. ತೀರ್ಮಾನ ಆಗೇ ಹೋಯ್ತು!

ಮೊದಲ ಪ್ರಶ್ನೆ, ಯಾವ ತಿಂಗಳು? ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ 3 ಗಂಟೆಗೆ ಮುಂಚೆಯೇ ಸೂರ್ಯ ಮುಳುಗ್ತಾನೆ. ಜೂನಿನಲ್ಲಿ ರಾತ್ರಿ 10 ಆದರೂ ಬೆಳಕು! ಕಣ್ಣು ಮಂಜಾದವನನ್ನು ಕರಕೊಂಡು ಹೋಗೋದಕ್ಕೆ ಜೂನೇ ಸರಿ. ಆದರೆ ಜೂನ್ 19ರಿಂದ 25ರ ಒಳಗೆ ಬರೋ ಶುಕ್ರವಾರ ಅವರಿಗೆ ದೊಡ್ಡ ಹಬ್ಬ, ಮಿಡ್‌ಸಮ್ಮರ್. ಜನ ಊರು ಬಿಟ್ಟು ಹಳ್ಳಿಗೆ ಹೋಗ್ತಾರೆ, ಅಂಗಡಿಗಳು ಬಾಗಿಲು ಹಾಕ್ತಾವೆ. ಅದಕ್ಕೇ ಜೂನ್ ಮೊದಲ ವಾರ ಹಿಡಿದೆವು.

ಆಮೇಲೆ ವೀಸಾ. ಶೆಂಗೆನ್ ವೀಸಾ ಒಂದು ಸಿಕ್ಕರೆ ಸ್ವೀಡನ್, ಡೆನ್ಮಾರ್ಕ್, ನಾರ್ವೆ ಮೂರೂ ಸುತ್ತಬಹುದು. 2024ರಿಂದ ಫೀಜು 90 ಯೂರೋ. 30,000 ಯೂರೋಗೆ ಕಡಿಮೆಯಿಲ್ಲದ ಇನ್ಶೂರೆನ್ಸು ಬೇಕು, ಬ್ಯಾಂಕ್ ಲೆಕ್ಕ ಬೇಕು, ಹೋಟೆಲ್ ಬುಕಿಂಗು ತೋರಿಸಬೇಕು. ಹೊರಡೋ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ತಡ ಮಾಡೋ ಹಾಗಿಲ್ಲ. ರದ್ದು ಮಾಡಬಹುದಾದ ಬುಕಿಂಗನ್ನೇ ಮಾಡಿ ಮಿತ್ರರೇ. ವೀಸಾ ಕೈಗೆ ಬರೋ ಮೊದಲೇ ದುಡ್ಡು ಸುರಿದು ಆಮೇಲೆ ತಲೆ ಮೇಲೆ ಕೈ ಹೊತ್ತುಕೋಬೇಡಿ!

ವಿಮಾನದ ವಿಷಯದಲ್ಲಿ ನಾನೇ ಬೇಸ್ತು ಬೀಳುವುದರಲ್ಲಿದ್ದೆ. ಫ್ರಾಂಕ್‌ಫರ್ಟ್‌ನಲ್ಲೋ ದುಬೈನಲ್ಲೋ ಇಳಿದು ಇನ್ನೊಂದು ವಿಮಾನ ಹತ್ತಬೇಕು. ಯೂರೋಪಿನ ಒಳಗೆ ಒಂದು ಅಗ್ಗದ ಟಿಕೆಟ್ ಕಣ್ಣಿಗೆ ಬಿತ್ತು, 'ಸ್ಟಾಕ್‌ಹೋಮ್ ಸ್ಕಾವ್‌ಸ್ಟಾ' ಅಂತ. ಆಹಾ ಅಂದುಕೊಂಡೆ. ಭೂಪಟ ನೋಡಿದರೆ ಅದು ಸ್ಟಾಕ್‌ಹೋಮಿನಿಂದ ಸುಮಾರು 100 ಕಿಲೋಮೀಟರು ದೂರ! ಬೆಂಗಳೂರು ಅಂತ ಹೇಳಿ ಮಂಡ್ಯದಲ್ಲಿ ಇಳಿಸಿದ ಹಾಗೆ. ಊರಿನ ದೊಡ್ಡ ನಿಲ್ದಾಣ ಅರ್ಲಾಂಡಾ. ಅಲ್ಲಿಂದ ಸುಮಾರು 40 ಕಿಲೋಮೀಟರು. ಎಕ್ಸ್‌ಪ್ರೆಸ್ ರೈಲಿನಲ್ಲಿ 20 ನಿಮಿಷ, ದುಬಾರಿ. ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಅಗ್ಗ. ನಾವು ಬಸ್ಸೇ.

ಇನ್ನು ಹೋಟೆಲು. ಇಲ್ಲೇ ನೋಡಿ ಸ್ವಾರಸ್ಯ ಇರೋದು! ಗಾರ್ಬೋ ಹುಟ್ಟಿದ್ದು 1905ರಲ್ಲಿ, ಸ್ಟಾಕ್‌ಹೋಮಿನ ಬಡವರ ಕೇರಿಯಲ್ಲಿ. ಅಪ್ಪ ತೀರಿಕೊಂಡಾಗ ಅವಳಿಗಿನ್ನೂ 14 ವರ್ಷ. ಕ್ಷೌರದಂಗಡಿಯಲ್ಲಿ ಗಿರಾಕಿಗಳ ಗಡ್ಡಕ್ಕೆ ಸೋಪಿನ ನೊರೆ ಹಚ್ಚುವ ಕೆಲಸ ಮಾಡಿದಳು. ಆಮೇಲೆ 'ಪಬ್' ಅನ್ನೋ ದೊಡ್ಡ ಅಂಗಡಿಯಲ್ಲಿ ಟೋಪಿ ಮಾರಿದಳು. ಹೊಟೋರಿಯೆಟ್ ಚೌಕದಲ್ಲಿದ್ದ ಆ ಅಂಗಡಿಯ ಕಟ್ಟಡ 2016ರಲ್ಲಿ ಹೋಟೆಲ್ ಆಯಿತು. ಅಲ್ಲಿ ಒಂದೇ ಒಂದು ರಾತ್ರಿ ನಮ್ಮ ವಾಸ! ಅದೇ ಚೌಕದಲ್ಲಿ ನೊಬೆಲ್ ಪ್ರಶಸ್ತಿ ಕೊಡುವ ಸಭಾಂಗಣ. 1930ರಲ್ಲಿ ನಮ್ಮ ಸಿ.ವಿ. ರಾಮನ್ ಪ್ರಶಸ್ತಿ ತಗೊಂಡದ್ದು ಅಲ್ಲೇ.

ಮಿಕ್ಕ ನಾಲ್ಕು ರಾತ್ರಿ ಜೈಲಿನಲ್ಲಿ. ತಮಾಷೆಯಲ್ಲ! ಲಾಂಗ್‌ಹೋಲ್ಮೆನ್ ದ್ವೀಪದ ಸೆರೆಮನೆ 1975ರಲ್ಲಿ ಮುಚ್ಚಿ, 1989ರಿಂದ ಹೋಟೆಲ್ ಆಗಿದೆ. ನನ್ನ ಹೆಂಡತಿ ಅಂದಳು: "ಕಡೆಗೂ ನಿಮಗೆ ತಕ್ಕ ಜಾಗ ಸಿಕ್ತು ಬಿಡಿ!"

ದುಡ್ಡಿನ ಮಾತು ಒಂದು. ಅಲ್ಲಿ ಯೂರೋ ಅಲ್ಲ, ಕ್ರೋನಾ. ಎಷ್ಟೋ ಅಂಗಡಿಗಳಲ್ಲಿ ನೋಟು ಮುಟ್ಟೋದೇ ಇಲ್ಲ, ಕಾರ್ಡೇ ಬೇಕು.

ನಮ್ಮ ಆಪರೇಟರ್ ಹಟ ಹಿಡಿದಿರೋದು ಎರಡು ಜಾಗಕ್ಕೆ. ಒಂದು, ರೋಸುಂಡಾದ ಫಿಲ್ಮ್‌ಸ್ಟಾಡೆನ್, ಅಂದರೆ 1920ರಲ್ಲಿ ಶುರುವಾದ ಸ್ಟುಡಿಯೋ. ಬರ್ಗ್‌ಮನ್ ಅವರ 'ದಿ ಸೆವೆಂತ್ ಸೀಲ್' ಬಹುಪಾಲು ತಯಾರಾದದ್ದು ಇಲ್ಲೇ. ಎರಡನೆಯದು ಸ್ಕೂಗ್ಸ್‌ಶಿರ್ಕೋಗೋರ್ಡೆನ್ ಸ್ಮಶಾನ. ಗಾರ್ಬೋ 1990ರಲ್ಲಿ ನ್ಯೂಯಾರ್ಕಿನಲ್ಲಿ ಸತ್ತಳು. ಅವಳ ಬೂದಿ ಊರಿಗೆ ಬಂದು ಮಣ್ಣು ಸೇರಿದ್ದು 1999ರಲ್ಲಿ. ಹೊಟೋರಿಯೆಟ್‌ನಲ್ಲಿ ಹಸಿರು ಲೈನಿನ ಸುರಂಗ ರೈಲು ಹತ್ತಿದರೆ ಸೀದಾ ಅಲ್ಲೇ ಇಳೀಬಹುದು.

"ಅಲ್ಲಿ ಏನು ಮಾಡ್ತೀಯೋ?" ಅಂದೆ.

"ಏನೂ ಇಲ್ಲ. ನಾನು ಅವಳನ್ನ ತೆರೆ ಮೇಲೆ ಬಿಟ್ಟವನು. ಒಂದು ಸಲ ಬಂದು ಹೋದೆ ಅಂತ ಹೇಳ್ಬೇಕು ಅಷ್ಟೆ" ಅಂದ.

ನಾನು ಸುಮ್ಮನಾದೆ.

ಬರುವ ಸೋಮವಾರ ವೀಸಾ ಆಫೀಸಿಗೆ ಹೋಗಬೇಕು. ಅರ್ಜಿಯ ಸಣ್ಣ ಅಕ್ಷರ ಅವನಿಗೆ ಕಾಣಲ್ಲ. ನಾನು ಓದಿದೆ, ಅವನು ಸಹಿ ಹಾಕಿದ. ಒಂದೇ ಒಂದು ಷರತ್ತು ಹಾಕಿದ್ದಾನೆ: ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಅವನಿಗೇ ಬೇಕಂತೆ. ಬಿಟ್ಟುಕೊಟ್ಟಿದ್ದೀನಿ.

ನಿಮ್ಮ ಗೆಳೆಯನೂ ಯಾವುದಾದರೂ ಊರಿನ ಹೆಸರು ಹೇಳ್ತಾ ಇದ್ದಾನಾ? ಮುಂದಿನ ವರ್ಷ ನೋಡೋಣ ಅನ್ನಬೇಡಿ. ಇವತ್ತೇ ಚೀಟಿ ಹಾಕಿ!

ಮುಂದಿನ ವಾರ ಮತ್ತೆ ಗಾಂಧಿನಗರದಲ್ಲೇ ಭೇಟಿ. ಬರ್ಲಾ?